ಬಂಡೆ, ಬೆಟ್ಟ, ಸುತ್ತಾಟ: ಐದು ದಿನದ ಕ್ಯಾಂಪಿಂಗ್‌ನಲ್ಲಿ ಎಲ್ಲಾ ಆಗುತ್ತಾ?

“ಐದು ದಿನ ರಜೆ ಇದೆ. ಟೆಂಟ್‌ನಲ್ಲೇ ಇರಬೇಕು, ಬೆಟ್ಟ ಹತ್ತಬೇಕು, ರಾಕ್ ಕ್ಲೈಂಬಿಂಗೂ ಆಗಬೇಕು, ಸುತ್ತಮುತ್ತಲ ಹೊಲ, ಹೊಳೆ, ಹಳ್ಳಿ ನೋಡಬೇಕು. ಇಷ್ಟೆಲ್ಲ ಆಗುತ್ತಾ, ಇಲ್ಲ ಏನಾದರೂ ಕೈಬಿಡಬೇಕಾ?”

ಮೊದಲ ಸಲ ಹೊರಟವರೂ ಕೇಳುತ್ತಾರೆ, ನಾಲ್ಕಾರು ಸಲ ಹೋಗಿಬಂದವರೂ ಕೇಳುತ್ತಾರೆ. ಆಗುತ್ತದೆ, ಏನನ್ನೂ ಬಿಡಬೇಕಿಲ್ಲ. ಆದರೆ ಟೆಂಟ್ ಐದೂ ದಿನ ಒಂದೇ ಕಡೆ ಇರಲಿ. ಮತ್ತೆ, ಬಂಡೆ ಮೊದಲು, ಉದ್ದದ ನಡಿಗೆ ಆಮೇಲೆ. ಇವೆರಡು ತಪ್ಪಿದಾಗಲೇ ಮೂರನೇ ದಿನಕ್ಕೆ ಎಲ್ಲರೂ ಟೆಂಟ್ ಬಾಗಿಲಲ್ಲಿ ಕಾಲು ಚಾಚಿ ಕೂತಿರುತ್ತಾರೆ.

ಟೆಂಟ್ ಒಂದೇ ಕಡೆ ಯಾಕೆ ಅಂದರೆ, ಭಾರ. ಟೆಂಟ್, ಮ್ಯಾಟ್, ಸ್ಲೀಪಿಂಗ್ ಬ್ಯಾಗ್, ಒಲೆ, ಊಟದ ಸಾಮಾನು, ನೀರು ಸೇರಿದರೆ ಹನ್ನೆರಡು ಕಿಲೋ ದಾಟುವುದು ಸಲೀಸು. ಇದರ ಮೇಲೆ 9.8 ಮಿ.ಮೀ. ದಪ್ಪದ 60 ಮೀಟರ್ ಹಗ್ಗವೇ ನಾಲ್ಕು ಕಿಲೋ ಹತ್ತಿರ. ಸೊಂಟ-ತೊಡೆಗೆ ಕಟ್ಟುವ ಹಾರ್ನೆಸ್, ಹೆಲ್ಮೆಟ್, ಹಗ್ಗ ಸಿಕ್ಕಿಸುವ ಲೋಹದ ಕೊಂಡಿಗಳಾದ ಕ್ಯಾರಬಿನರ್‌ಗಳ ಭಾರ ಬೇರೆ. ಬೆನ್ನ ಮೇಲಿನ ಹೊರೆ ದೇಹದ ತೂಕದ ಐದರಲ್ಲೊಂದು ಪಾಲು ಮೀರಬಾರದು ಅನ್ನುವ ಲೆಕ್ಕ ಇಲ್ಲಿಗೇ ಮುಗಿಯಿತು. ಬೇಸ್ ಕ್ಯಾಂಪ್ ಹಾಕಿ ಕೂತರೆ ಆಯಾ ದಿನದ ಕೆಲಸಕ್ಕೆ ಬೇಕಾದಷ್ಟೇ ಹೊತ್ತರೆ ಸಾಕು.

ಇನ್ನು ದಿನಗಳ ಕ್ರಮ. ಇಳಿಜಾರಿನಲ್ಲಿ ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ. ಅದರ ನೋವು ಅವತ್ತೇ ಬರುವುದಿಲ್ಲ. ಮಾರನೇ ದಿನ ಶುರುವಾಗಿ ಎರಡು-ಮೂರನೇ ದಿನಕ್ಕೆ ಜೋರಾಗುತ್ತದೆ. ಆ ಕಾಲಿನಲ್ಲಿ ಬಂಡೆಗೆ ಹೋದರೆ ಸಣ್ಣ ಹಿಡಿತದ ಮೇಲೆ ಪಾದ ನಿಲ್ಲುವುದಿಲ್ಲ, ಮಂಡಿ ನಡುಗುತ್ತದೆ, ಭಾರವೆಲ್ಲ ಕೈಗೆ ಬರುತ್ತದೆ, ಹತ್ತೇ ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ. ತಿರುಗಾಮುರುಗಾ ಮಾಡಿದರೆ ಈ ತೊಂದರೆ ಇಲ್ಲ. ಬಂಡೆ ಹತ್ತಿ ಸೋತ ಬೆರಳು ಮರುದಿನದ ನಡಿಗೆಗೆ ಅಡ್ಡಿ ಮಾಡುವುದಿಲ್ಲ. ಹಾಗಾಗಿ ಮೊದಲ ದಿನ ಕತ್ತಲಾಗಲು ಎರಡು ಗಂಟೆ ಇರುವಂತೆ ತಲುಪಿ ಟೆಂಟ್ ಹಾಕಿ, ಮೂರ್ನಾಲ್ಕು ಕಿಲೋಮೀಟರ್ ಅಡ್ಡಾಡಿ ನೀರು, ದಾರಿ ನೋಡಿಕೊಳ್ಳುವುದು. ಎರಡನೇ ದಿನ ಬಂಡೆ, ಮೂರನೇ ದಿನ ಬೆಟ್ಟ, ನಾಲ್ಕನೇ ದಿನ ನಿಧಾನದ ಸುತ್ತಾಟ. ಮಳೆ ಬಂದರೆ ಸುತ್ತಾಟವನ್ನು ಎರಡನೇ ದಿನಕ್ಕೆ ತನ್ನಿ, ಉಳಿದೆರಡನ್ನು ಒಂದೊಂದು ದಿನ ಮುಂದಕ್ಕೆ ತಳ್ಳಿ. ಒದ್ದೆ ಬಂಡೆ ಜಾರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಮರಳುಗಲ್ಲಾದರೆ ಇನ್ನೂ ಒಂದು ಸಂಗತಿ ಇದೆ: ನೀರು ಕುಡಿದಾಗ ಅದರ ಬಲವೇ ಕುಗ್ಗುತ್ತದೆ, ಹಿಡಿತಗಳು ಮುರಿದು ಕೈಗೆ ಬರುತ್ತವೆ. ಮೇಲ್ಮೈ ಒಣಗಿದಂತೆ ಕಂಡರೂ ಒಳಗಿನ ತೇವ ಆರಲು ಒಂದೆರಡು ದಿನ ಬೇಕು.

ಬಂಡೆಯ ದಿನಕ್ಕೆ ತರಬೇತಿ ಪಡೆದವರು ಒಬ್ಬರಾದರೂ ಜೊತೆಗಿರಲೇಬೇಕು. ವಿಡಿಯೋ ನೋಡಿ ಕಲಿತದ್ದು ಲೆಕ್ಕಕ್ಕಿಲ್ಲ. ಹೊಸಬರಿಗೆ ಟಾಪ್ ರೋಪ್ ಸರಿ, ಅಂದರೆ ಹಗ್ಗ ಬಂಡೆಯ ಮೇಲ್ತುದಿಯಲ್ಲಿ ಭದ್ರವಾಗಿ ಕಟ್ಟಿದ ಆ್ಯಂಕರ್‌ನಲ್ಲಿ ಹಾದು ಕೆಳಗೆ ಬಿಲೇ ಕೊಡುವವರ (ಹತ್ತುವವರು ಬೀಳದಂತೆ ಹಗ್ಗ ಹಿಡಿಯುವವರ) ಕೈಗೆ ಬಂದಿರುತ್ತದೆ. ಹಗ್ಗ ಮೇಲೆ ಹೋಗಿ ಕೆಳಗೆ ಬರುವುದರಿಂದ 60 ಮೀಟರ್ ಹಗ್ಗಕ್ಕೆ 30 ಮೀಟರ್‌ಗಿಂತ ಕಡಿಮೆ ಎತ್ತರದ ಬಂಡೆಯೇ ಮಿತಿ. ಇದನ್ನು ಮರೆತು ಇಳಿಸುವಾಗ ಹಗ್ಗದ ತುದಿ ಬಿಲೇ ಸಾಧನದಿಂದ ಜಾರಿಹೋಗಿ ಆಗುವ ಅಪಘಾತಗಳು ಹೊಸತಲ್ಲ. ತುದಿಗೆ ಒಂದು ಗಂಟು ಹಾಕಿದ್ದರೆ ಅದು ಅಲ್ಲೇ ಸಿಕ್ಕಿ ನಿಲ್ಲುತ್ತದೆ. ಅರ್ಧ ನಿಮಿಷದ ಕೆಲಸ.

ಆ್ಯಂಕರ್‌ಗೆ ಎರಡು ಕಡೆಯಿಂದ ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ) ತಂದು ಕೂಡಿಸುವಾಗ ನಡುವಿನ ಕೋನ ನೋಡಿ. 60 ಡಿಗ್ರಿಯಲ್ಲಿ ಒಂದೊಂದು ಬದಿಗೆ ಭಾರದ ಶೇ. 58ರಷ್ಟು ಬೀಳುತ್ತದೆ. 90ಕ್ಕೆ ಹೋದರೆ ಶೇ. 71. 120 ಡಿಗ್ರಿಯಾದರೆ ಎರಡೂ ಬದಿ ಪೂರ್ತಿ ಭಾರವನ್ನೇ ಹೊರುತ್ತವೆ, ಹಂಚಿದ್ದರಿಂದ ಏನೂ ಉಳಿತಾಯವಾಗಲಿಲ್ಲ. ಸ್ಲಿಂಗ್ ಉದ್ದ ಮಾಡಿದರೆ ಕೋನ ಕಿರಿದಾಗುತ್ತದೆ. ಹತ್ತುವ ಮೊದಲು ಇಬ್ಬರೂ ಒಬ್ಬರದನ್ನೊಬ್ಬರು ಪರೀಕ್ಷಿಸಬೇಕು: ಹಾರ್ನೆಸ್‌ನ ಬಕಲ್ ಬಿಗಿ ಇದೆಯೇ, ಹಗ್ಗ ಕಟ್ಟುವ ಎಂಟರ ಆಕಾರದ ಗಂಟು ಸೊಂಟ ಮತ್ತು ತೊಡೆಪಟ್ಟಿ ಎರಡರ ಕುಣಿಕೆಯಲ್ಲೂ ಹಾದಿದೆಯೇ, ಬಿಲೇ ಸಾಧನದಲ್ಲಿ ಹಗ್ಗ ಸರಿಯಾದ ದಿಕ್ಕಿನಲ್ಲಿದೆಯೇ. ಕ್ಯಾರಬಿನರ್ ಲಾಕ್ ಆಗಿದೆಯೋ ಇಲ್ಲವೋ ಕಣ್ಣಲ್ಲಿ ನೋಡಿದರೆ ಸಾಲದು, ಹಿಸುಕಿ ನೋಡಬೇಕು. ಮಾತಾಡುತ್ತಾ ಗಂಟು ಹಾಕುವವರೇ ಅದನ್ನು ಅರ್ಧಕ್ಕೆ ಬಿಡುವುದು. ಅನುಭವಿಗಳೂ ಇದರಲ್ಲಿ ಸೇರಿದ್ದಾರೆ.

ಬೆಟ್ಟದ ದಿನಕ್ಕೆ ಬೇಕಾದದ್ದು ಸಮಯದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತಿದೆ: ಈಗಿನ ಅಳತೆಯಲ್ಲಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 14 ಕಿಲೋಮೀಟರ್, 700 ಮೀಟರ್ ಏರು ಅಂದರೆ ಸುಮಾರು ನಾಲ್ಕು ಗಂಟೆ. ಇದು ದಣಿವಿಲ್ಲದೆ, ಎಲ್ಲೂ ಕೂರದೆ ನಡೆಯುವವರ ಲೆಕ್ಕ. ಊಟ, ಫೋಟೋ, ಗುಂಪಿನ ನಿಧಾನದ ಸದಸ್ಯ ಎಲ್ಲ ಸೇರಿಸಿ ಇದರ ಒಂದೂವರೆಪಟ್ಟು, ಅಂದರೆ ಆರು ಗಂಟೆ ಇಟ್ಟುಕೊಳ್ಳಿ. ಹೊರಡುವ ಮೊದಲೇ ವಾಪಸ್ ತಿರುಗುವ ಹೊತ್ತು ಗೊತ್ತುಮಾಡಿ. ತುದಿ ಕಣ್ಣಿಗೆ ಕಾಣುತ್ತಿದ್ದರೂ ಆ ಹೊತ್ತಾದರೆ ತಿರುಗಿ. ಗುಡುಗಿನ ಲಕ್ಷಣ ಕಂಡರೆ ಹೊತ್ತು ನೋಡಬೇಡಿ: ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್‌ಗಿಂತ ಕಡಿಮೆ ಇದ್ದರೆ ಆಗಲೇ ಬೆಟ್ಟದ ನೆತ್ತಿ ಬಿಟ್ಟಿರಬೇಕು. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಮೇಲೆ ಹೋಗಬಾರದು. ಹಿಮ್ಮಡಿಯಲ್ಲಿ ಬಿಸಿ ಅನ್ನಿಸಿದ ಕೂಡಲೇ ನಿಂತು ಟೇಪ್ ಅಂಟಿಸಿ. ಬೊಬ್ಬೆ ಎದ್ದ ಮೇಲೆ ಟೇಪಿನಿಂದ ಅಷ್ಟು ಉಪಯೋಗವಿಲ್ಲ.

ಸುತ್ತಾಟದ ದಿನಕ್ಕೆ ಹೆಚ್ಚು ಹೇಳಬೇಕಿಲ್ಲ. 1:25,000 ನಕ್ಷೆ ಒಳ್ಳೆಯದು, ಅದರಲ್ಲಿ 4 ಸೆಂ.ಮೀ. ಅಂದರೆ ಒಂದು ಕಿಲೋಮೀಟರ್. ಫೋನಿನ ಜಿಪಿಎಸ್ ಸಿಗ್ನಲ್ ಇಲ್ಲದೆಯೂ ನಡೆಯುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು ಅಷ್ಟೆ. ಬೆಳೆ ಇದ್ದ ಕಡೆ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆಯಿರಿ, ಗೇಟು ಹೇಗಿತ್ತೋ ಹಾಗೇ ಬಿಡಿ. ಕರು ಜೊತೆಗಿರುವ ಹಸುವಿನಿಂದ ದೂರ ಹೋಗಿ. ಸಾಧು ಹಸುವೂ ಆಗ ಸಾಧುವಲ್ಲ.

ಇಷ್ಟೆಲ್ಲ ಹಗಲಿನ ಮಾತಾಯಿತು. ನಿಜಕ್ಕೂ ರಜೆ ಉಳಿಯುವುದು, ಕೆಡುವುದು ರಾತ್ರಿಯಲ್ಲಿ. ಎರಡು ರಾತ್ರಿ ನಿದ್ದೆ ಇಲ್ಲದಿದ್ದರೆ ಯಾವ ಕ್ರಮವೂ ಕಾಪಾಡುವುದಿಲ್ಲ. ಚಳಿ ಅಂದ ಕೂಡಲೇ ದಪ್ಪ ಸ್ಲೀಪಿಂಗ್ ಬ್ಯಾಗ್ ಕೊಳ್ಳುತ್ತಾರೆ. ಆದರೆ ಬ್ಯಾಗಿನಲ್ಲಿ ಮೈಯಡಿ ಬರುವ ಭಾಗ ಭಾರಕ್ಕೆ ಅಪ್ಪಚ್ಚಿಯಾಗಿ ಅದರೊಳಗೆ ಗಾಳಿಯೇ ಉಳಿದಿರುವುದಿಲ್ಲ, ನೆಲದ ತಂಪು ನೇರ ಬೆನ್ನಿಗೆ ತಾಗುತ್ತದೆ. ಅದನ್ನು ತಡೆಯುವುದು ಮ್ಯಾಟ್. ಮ್ಯಾಟ್‌ನ ಆರ್-ವ್ಯಾಲ್ಯೂ, ಅಂದರೆ ತಂಪು ತಡೆಯುವ ಶಕ್ತಿಯ ಅಂಕ, ಬೇಸಿಗೆಗೆ 2ರ ಆಸುಪಾಸು, ತಂಪು ಕಾಲಕ್ಕೆ 3ರಿಂದ 4, ಹಿಮದ ನೆಲಕ್ಕೆ 5ಕ್ಕಿಂತ ಹೆಚ್ಚಿರಲಿ. ಸ್ಲೀಪಿಂಗ್ ಬ್ಯಾಗ್‌ನಲ್ಲಿ ‘ಕಂಫರ್ಟ್’ ಅಂತ ಬರೆದ ಉಷ್ಣಾಂಶ ನೋಡಿ ಕೊಳ್ಳಿ. ಹೊರಗೆ ದೊಡ್ಡದಾಗಿ ಅಚ್ಚಾಗಿರುವ ಸಂಖ್ಯೆ ಎಷ್ಟೋ ಸಲ ‘ಲಿಮಿಟ್’, ಅಂದರೆ ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಉಷ್ಣಾಂಶ, ಆಗಿರುತ್ತದೆ. ಜಾಗ ಸಾವಿರ ಮೀಟರ್ ಮೇಲಿದ್ದರೆ ಕೆಳಗಿನ ಊರಿಗಿಂತ ಸರಾಸರಿ 6.5 ಡಿಗ್ರಿ ತಂಪು. ತಗ್ಗಿನಲ್ಲಿ ಟೆಂಟ್ ಹಾಕಿದರೆ ಇನ್ನೂ ಹೆಚ್ಚು, ಯಾಕೆಂದರೆ ತಣ್ಣನೆಯ ಗಾಳಿ ನೀರಿನಂತೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ.

“ಟೆಂಟ್ ಸೋರುತ್ತಿದೆ” ಅನ್ನುವ ದೂರಿನಲ್ಲಿ ಬಹುಪಾಲು ಸೋರಿಕೆಯಲ್ಲ. ಬೆಳಿಗ್ಗೆ ಹೊರಪದರದ ಒಳಮೈಯಲ್ಲಿ ಹನಿ ಇದೆ, ರಾತ್ರಿ ಮಳೆಯೇ ಆಗಿಲ್ಲ ಅಂದರೆ ಅದು ಮಲಗಿದವರ ಉಸಿರು. ಚಳಿಗೆ ಹೆದರಿ ಕಿಂಡಿ ಮುಚ್ಚಿದಷ್ಟೂ ಒದ್ದೆ ಹೆಚ್ಚು. ಎದುರುಬದುರಿನ ಎರಡು ಕಿಂಡಿ ತೆರೆದಿಡಿ, ಹೊರಪದರ ಒಳಪದರಕ್ಕೆ ತಾಗದಂತೆ ಬಿಗಿಯಾಗಿ ಎಳೆಯಿರಿ. ನಿಜವಾಗಿ ಕೆಳಗಿನಿಂದ ನೀರು ಬಂದರೆ ನೆಲಹಾಸಿನ ಅಂಚು ನೋಡಿ. ಅದು ಟೆಂಟ್‌ನಿಂದ ಹೊರಗೆ ಚಾಚಿಕೊಂಡಿದ್ದರೆ ಮಳೆನೀರನ್ನು ಹಿಡಿದು ಟೆಂಟ್ ಕೆಳಗೇ ತರುತ್ತದೆ. ಸುತ್ತಲೂ ಅಂಗೈಯಗಲ ಒಳಕ್ಕೆ ಮಡಚಿ. ಒಣಕೊಂಬೆ ಇರುವ ಮರದಡಿ, ಹೊಳೆಯ ಮರಳಿನ ಮೇಲೆ ಟೆಂಟ್ ಬೇಡ. ಎಷ್ಟೇ ಮಳೆ ಬರಲಿ, ಒಳಗೆ ಒಲೆ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಎಚ್ಚರವಾಗುವುದೇ ಇಲ್ಲ.

ಹೊಳೆಯ ನೀರನ್ನು ಕುದಿ ಬಂದ ಮೇಲೆ ಒಂದು ನಿಮಿಷ, 2000 ಮೀಟರ್ ಮೇಲಾದರೆ ಮೂರು ನಿಮಿಷ ಕುದಿಸಿ. ಸಾಮಾನ್ಯ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ವೈರಸ್ ತಡೆಯುವುದಿಲ್ಲ. ಶೌಚಕ್ಕೆ ನೀರಿನಿಂದ 60 ಮೀಟರ್ ಆಚೆ, 15ರಿಂದ 20 ಸೆಂ.ಮೀ. ಆಳದ ಗುಂಡಿ.

ಐದನೇ ದಿನ ಟೆಂಟ್ ಬಿಚ್ಚುವಾಗ ಕಂಬಗಳನ್ನು ತುದಿಯಿಂದಲ್ಲ, ನಡುವಿನಿಂದ ಮಡಚಿ. ಆಗ ಒಳಗಿನ ಎಲಾಸ್ಟಿಕ್ ದಾರದ ಮೇಲೆ ಎಳೆತ ಎರಡೂ ಕಡೆ ಸಮ ಬೀಳುತ್ತದೆ. ಒದ್ದೆಯಿದ್ದರೆ ಹಾಗೇ ತುರುಕಿಕೊಂಡು ಹೊರಡಿ, ತೊಂದರೆ ಇಲ್ಲ. ಮನೆ ಮುಟ್ಟಿದ ದಿನವೇ ಬಿಚ್ಚಿ ನೆರಳಲ್ಲಿ ಹರವಿ, ಇಲ್ಲದಿದ್ದರೆ ಬೂಷ್ಟು ಹಿಡಿದು ಒಳಲೇಪ ಅಂಟಂಟಾಗುತ್ತದೆ.