ನಿನ್ನಮ್ಮ ಎಲ್ಲಿ ಕುಣಿಯುತ್ತಾರೆ?

ಪಕ್ಕದ ಮನೆಯ ಅಜ್ಜಿ ಹೋದ ಶನಿವಾರ ಕೇಳಿದ ಒಂದು ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಅಜ್ಜಿಗೆ ಎಪ್ಪತ್ತು ದಾಟಿದೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲೇ ಹುಟ್ಟಿ ಬೆಳೆದವರು. ನಾನು ಆಫೀಸಿನವರ ಜೊತೆ ಇಲ್ಲಿನ ಅಲ್ಮಾಗ್ರೋ ಬಡಾವಣೆಯ ಲಾ ಕತೆದ್ರಾಲ್ ಅನ್ನುವ ಹಾಲ್‌ನಲ್ಲಿ ಟ್ಯಾಂಗೋ, ಅಂದರೆ ಇಲ್ಲಿನ ಜೋಡಿ ಕುಣಿತ, ಕುಣಿಯುವವಳು. ಅಲ್ಲಿ ಜೀನ್ಸ್, ಸ್ನೀಕರ್ಸ್ ಎಲ್ಲ ನಡೆಯುತ್ತದೆ. ಅಜ್ಜಿ ಹೋಗುವ ಮಿಲೋಂಗಾ, ಅಂದರೆ ಜನ ಸೇರಿ ಟ್ಯಾಂಗೋ ಕುಣಿಯುವ ಕೂಟ, ಹಾಗಲ್ಲ. ಆ ಶನಿವಾರ ನಾನೂ ಅಲ್ಲಿದ್ದೆ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಯಾರೂ ಬಂದು ಕೈ ಚಾಚುವುದಿಲ್ಲ, ದೂರದಿಂದಲೇ ಕಣ್ಣು ಸೇರಬೇಕು, ತಲೆ ಆಡಿಸಬೇಕು. ಇದಕ್ಕೆ ಕಬೆಸೆಯೋ ಅನ್ನುತ್ತಾರೆ. ಬೇಡ ಅಂದರೆ ಬೇರೆ ಕಡೆ ನೋಡಿದರೆ ಸಾಕು, ಯಾರಿಗೂ ಅವಮಾನವಿಲ್ಲ. ನನಗೆ ಈ ಕಟ್ಟಳೆ ತುಂಬಾ ಇಷ್ಟ.

ಅಜ್ಜಿ ಬಟ್ಟೆ ಚೀಲದಿಂದ ಹೀಲ್ಸ್ ಚಪ್ಪಲಿ ತೆಗೆದು ಮೇಜಿನ ಕೆಳಗೇ ಹಾಕಿಕೊಂಡರು. ಹಳೇ ಟ್ಯಾಂಗೋ ಸಂಗೀತಗಾರ ದಿ ಸಾರ್ಲಿಯ ಹಾಡು ಶುರುವಾಯಿತು. ತಮ್ಮಷ್ಟೇ ವಯಸ್ಸಾದ ಒಬ್ಬರ ಎದೆಗೆ ಎದೆ ತಾಗಿಸಿ, ಕಣ್ಣು ಮುಚ್ಚಿ, ಗೇಣುದ್ದದ ಹೆಜ್ಜೆ ಹಾಕುತ್ತಾ ಹೊರಟುಬಿಟ್ಟರು.

ಇದೇ ಅಸಲಿ ಸಂಪ್ರದಾಯ ಅಂತ ನಾನು ತಿಳಿದಿದ್ದೆ. ಅಜ್ಜಿ ಒಪ್ಪಲಿಲ್ಲ. "ಊರ ಮಧ್ಯದ ಹಾಲ್‌ಗಳಲ್ಲಿ ಜಾಗ ಇರ್ತಿರಲಿಲ್ಲ, ಅದಕ್ಕೇ ಸಣ್ಣ ಹೆಜ್ಜೆ. ಬಡಾವಣೆ ಕ್ಲಬ್‌ಗಳಲ್ಲಿ ಉದ್ದ ಉದ್ದ ಹೆಜ್ಜೆನೇ ಹಾಕ್ತಿದ್ರು" ಅಂದರು. ನಿಜ, ಈ ಬಿಗಿ ಅಪ್ಪುಗೆಗೆ ಮಿಲೋಂಗೇರೋ ಶೈಲಿ ಅನ್ನುವ ಹೆಸರು ಬಳಕೆಗೆ ಬಂದಿದ್ದೇ 1990ರ ದಶಕದಲ್ಲಿ. ಗುಸ್ತಾವೋ ನವೇಯ್ರಾ, ಫಾಬಿಯಾನ್ ಸಾಲಾಸ್ ಅನ್ನುವ ನರ್ತಕರು ಒಂದೊಂದೇ ಚಲನೆ ಬಿಡಿಸಿ ನೋಡಿ, ಅಪ್ಪುಗೆ ಸಡಿಲಿಸಿ ಹೊಸ ಟ್ಯಾಂಗೋ ಕಟ್ಟಿದ್ದೂ ಅದೇ ಹೊತ್ತಲ್ಲಿ! ಹೊಸಬರ ಮೇಲೆ ಅಜ್ಜಿಯ ದೂರು ಒಂದೇ, ಜನ ತುಂಬಿರುವಾಗ ಕಾಲು ಮೇಲೆ ಬೀಸಿ ಪಕ್ಕದವರ ಮೊಣಕಾಲಿಗೆ ಹಿಮ್ಮಡಿ ಬಡಿಯುತ್ತಾರೆ ಅಂತ.

ಆಮೇಲೆ ಸುಮ್ನೆ ಮಾತಿಗೆ ಕೇಳಿದರು, "ನಿನ್ನಮ್ಮ ಎಲ್ಲಿ ಕುಣಿಯುತ್ತಾರೆ?"

ಎಲ್ಲೂ ಇಲ್ಲ ಅಂದೆ. ಅವರಿಗೆ ಅರ್ಥವೇ ಆಗಲಿಲ್ಲ. ಕಾಲು ನೋವಾ ಅಂದರು.

ಅಮ್ಮ ಮಂಡ್ಯ ಕಡೆಯವರು. ಹುಡುಗಿಯಾಗಿದ್ದಾಗ ಬೆಳದಿಂಗಳಲ್ಲಿ ಗುಡಿ ಮುಂದೆ ಕೋಲಾಟ ಆಡುತ್ತಿದ್ದರಂತೆ. ಮದುವೆಯಾದ ಮೇಲೆ ನಿಂತುಹೋಯಿತು. ಬೇಡ ಅಂತ ಯಾರೂ ಹೇಳಲಿಲ್ಲ, ಬಾ ಅಂತಲೂ ಕರೆಯಲಿಲ್ಲ. ಈಗ ಊರಲ್ಲಿ ಕೋಲಾಟ ಇಲ್ಲ ಅಂತಲ್ಲ. ರಾಜ್ಯೋತ್ಸವಕ್ಕೆ ಹುಡುಗಿಯರು ಒಂದೇ ಬಣ್ಣದ ಸೀರೆ ಉಟ್ಟು ಸ್ಟೇಜ್ ಮೇಲೆ ಆಡುತ್ತಾರೆ, ಅಮ್ಮನ ಓರಗೆಯವರೆಲ್ಲ ಕೆಳಗೆ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ. ಟ್ಯಾಂಗೋ ಕೂಡ ಸ್ಟೇಜ್ ಹತ್ತಿದೆ. ಇಲ್ಲಿನ ವಿಶ್ವ ಸ್ಪರ್ಧೆಯಲ್ಲಿ ಸ್ಟೇಜ್ ಟ್ಯಾಂಗೋಗೇ ಒಂದು ವಿಭಾಗವಿದೆ. ಆದರೆ ಅದಕ್ಕಾಗಿ ಯಾರೂ ತಾವು ಕುಣಿಯುವ ನೆಲ ಬಿಟ್ಟುಕೊಟ್ಟಿಲ್ಲ. ನಾವು ಬಿಟ್ಟುಕೊಟ್ಟೆವು, ಅದೇ ನನಗೆ ಹೊಟ್ಟೆ ಉರಿಸುವುದು. ಸಂಪ್ರದಾಯ ಉಳಿಸಬೇಕು ಅಂತ ಭಾಷಣ ಮಾತ್ರ ಜಾಸ್ತಿ, ಅಲ್ವಾ?

ರಾತ್ರಿ ಫೋನ್ ಮಾಡಿ ಅಮ್ಮನನ್ನೇ ಕೇಳಿದೆ. "ಹಾಡೆಲ್ಲ ಬಾಯಿಗೆ ಬರುತ್ತೆ ಕಣೆ, ಆದ್ರೆ ಜೊತೆಗೆ ಯಾರು ಬರ್ತಾರೆ?" ಅಂದರು. ಮಂಡ್ಯ, ಮದ್ದೂರು ಕಡೆ ಐವತ್ತು ದಾಟಿದ ಹೆಂಗಸರು ಸ್ಪರ್ಧೆಗಲ್ಲದೆ ತಮಗಾಗಿಯೇ ಸೇರಿ ಕೋಲಾಟ ಆಡುವ ಜಾಗ ಯಾವುದಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ರಜೆಗೆ ಬಂದಾಗ ಅಮ್ಮನನ್ನು ನಾನೇ ಕರೆದುಕೊಂಡು ಹೋಗುತ್ತೇನೆ.