ಓಸಿಟಿ ರಿಪೋರ್ಟಿನಲ್ಲಿ ಕೆಂಪು ಕಂಡ್ರೆ

ಚಿಕ್ಕಮ್ಮನ ಕಣ್ಣಿನ ಓಸಿಟಿ (ಕಣ್ಣಿನ ಒಳಗಿನ ಪದರ ತೋರಿಸುವ ಸ್ಕ್ಯಾನ್) ರಿಪೋರ್ಟು ಫ್ಯಾಮಿಲಿ ಗ್ರೂಪಿಗೆ ಬಂತು, ಅದರಲ್ಲಿ ಒಂದು ಕಡೆ ಕೆಂಪು ಉಂಟು, ಅಷ್ಟೇ ಸಾಕಾಯ್ತು, ಕುಂಬಳೆಯಿಂದ ಪುಣೆವರೆಗೆ ಎಲ್ರೂ ಡಾಕ್ಟ್ರೇ. ಗ್ಲೂಕೋಮಾ (ಕಣ್ಣಿನ ನರ ಮೆಲ್ಲಗೆ ಹಾಳಾಗುವ ಕಾಯಿಲೆ) ಅಂತ ಒಬ್ರು, ಕೂಡ್ಲೇ ಮಂಗಳೂರಿಗೆ ಕರ್ಕೊಂಡು ಹೋಗಿ ಅಂತ ಇನ್ನೊಬ್ರು (ಸ್ಕ್ಯಾನ್ ಮಾಡಿಸಿದ್ದೇ ಮಂಗಳೂರಲ್ಲಿ ಮಾರಾಯ್ರೆ).

ಈ ಮಿಷನ್ ಕಣ್ಣಿಗೆ ಬಿಡುವುದು ಬರೀ ಬೆಳಕು. ಎಕ್ಸ್-ರೇ ಇಲ್ಲ, ಎಂತದ್ದೂ ತಾಗುವುದೂ ಇಲ್ಲ, ಗಲ್ಲ ಇಟ್ಟು ಒಂದು ಗುರುತು ನೋಡ್ತಾ ಕೂತ್ರೆ ಆಯ್ತು. ಅಲ್ಟ್ರಾಸೌಂಡಿನಲ್ಲಾದ್ರೆ ಶಬ್ದ ತಾಗಿ ವಾಪಾಸು ಬರ್ಲಿಕ್ಕೆ ಎಷ್ಟು ಹೊತ್ತು ಆಯ್ತು ಅಂತ ಅಳೀಬಹುದು, ಬೆಳಕಿನ ಸ್ಪೀಡಿಗೆ ಅದು ನಡೆಯೂದಿಲ್ಲ. ಅದಕ್ಕೆ ಬೆಳಕನ್ನು ಎರಡು ಪಾಲು ಮಾಡಿ ಒಂದನ್ನು ಕಣ್ಣಿಗೆ ಒಂದನ್ನು ಮಿಷನ್ ಒಳಗಿನ ಕನ್ನಡಿಗೆ ಕಳಿಸಿ, ವಾಪಾಸು ಬಂದು ಸೇರುವಾಗ ಆ ಅಲೆಗಳು ಹೇಗೆ ಕೂಡ್ತವೆ ಅಂತ ನೋಡಿ ಆಳ ಲೆಕ್ಕ ಹಾಕ್ತದೆ. ಮಿಲಿಮೀಟರಿನ ಸಾವಿರದಲ್ಲಿ ಐದಾರು ಪಾಲಿನಷ್ಟು ಸಣ್ಣ ವ್ಯತ್ಯಾಸವೂ ಸಿಗ್ತದೆ. ಕಣ್ಣಿನ ಹಿಂಬದಿಯ ಪರದೆ, ಅಂದ್ರೆ ರೆಟಿನಾ, ಅಡ್ಡ ಕೊಯ್ದ ಪತ್ರೊಡೆಯ ಹಾಗೆ ಪದರ ಪದರವಾಗಿ ಕಾಣ್ತದೆ, ಕತ್ತಿ ಮುಟ್ಟದೆ! 1991ರಲ್ಲಿ ಅಮೆರಿಕದ ಎಂಐಟಿಯ ಫುಜಿಮೋಟೋ, ಹುವಾಂಗ್, ಸ್ವಾನ್ಸನ್ ಎಲ್ಲ ಸೇರಿ ಇದರ ಸಂಶೋಧನಾ ಲೇಖನ ಪ್ರಕಟ ಮಾಡಿದ್ದು, ಆ ಮೂವರಿಗೆ 2023ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿಯೂ ಬಂತು.

ಈಗ ಕೆಂಪಿನ ವಿಷಯ. ಮಿಷನ್‌ಗೆ ಕಾಯಿಲೆ ಗೊತ್ತಿಲ್ಲ, ದಪ್ಪ ಮಾತ್ರ ಗೊತ್ತು. ಕಣ್ಣಿನ ನರದ ಸುತ್ತ ಇರುವ ಎಳೆಗಳ ಪದರ ಅಳೆದು, ಕಂಪೆನಿಯವರು ಮೊದಲೇ ತುಂಬಿಸಿಟ್ಟ ಆರೋಗ್ಯವಂತರ ಲೆಕ್ಕದ ಜೊತೆ ಹೋಲಿಸ್ತದೆ, ಅದೇ ಪ್ರಾಯದ ನೂರು ಜನರಲ್ಲಿ ಒಬ್ಬರಿಗೂ ಇಷ್ಟು ತೆಳು ಇರ್ಲಿಕ್ಕಿಲ್ಲ ಅಂತಾದ್ರೆ ಕೆಂಪು ಹಚ್ತದೆ, ಅಷ್ಟೇ. ಆ ಲೆಕ್ಕಕ್ಕೆ ಜನ ಆರಿಸುವಾಗ ಭಾರೀ ಪವರಿನ ಮೈನಸ್ ಕನ್ನಡಕದವರನ್ನು ಸಾಮಾನ್ಯವಾಗಿ ಬಿಟ್ಟಿರ್ತಾರೆ. ನಮ್ಮ ಚಿಕ್ಕಮ್ಮನದ್ದು ಮೈನಸ್ ಒಂಬತ್ತು! ಅಂಥವರ ಕಣ್ಣುಗುಡ್ಡೆ ಉದ್ದ ಇರ್ತದೆ, ಪದರ ಅಳತೆಯಲ್ಲಿ ತೆಳುವಾಗಿಯೇ ಕಾಣ್ತದೆ, ಎಳೆಗಳ ಜಾಗವೂ ಸ್ವಲ್ಪ ಸರಿದಿರ್ತದೆ, ಕಾಯಿಲೆ ಇಲ್ಲದೆಯೂ ಕೆಂಪು ಬರಬಹುದು. ಡಾಕ್ಟ್ರುಗಳು ತಮಾಷೆಗೆ ಇದನ್ನೇ ರೆಡ್ ಡಿಸೀಸ್ ಅನ್ನುವುದು. ಇದರ ಉಲ್ಟಾನೂ ಉಂಟು, ಎಲ್ಲ ಹಸಿರು ಇದ್ದು ಒಳಗೆ ಗ್ಲೂಕೋಮಾ ಶುರುವಾಗಿರುವುದು, ಹಾಗಾಗಿ ಹಸಿರು ನೋಡಿ ಖುಷಿಪಡುವ ಹಾಗೂ ಇಲ್ಲ. ಬಣ್ಣ ಹಾಕಿದ್ದೇ ನನ್ನ ಪ್ರಕಾರ ತಪ್ಪು, ನಮ್ಮಂಥವರ ಕೈಗೆ ಕೊಡುವ ಕಾಗದದಲ್ಲಾದ್ರೂ ಬೇಡಿತ್ತು.

ಚಿಕ್ಕಮ್ಮನ ಡಾಕ್ಟ್ರು ಕಣ್ಣಿನ ಪ್ರೆಶರ್ ನೋಡಿ, ನರವನ್ನು ನೇರ ನೋಡಿ, ಫೀಲ್ಡ್ ಟೆಸ್ಟ್ (ಸುತ್ತಲಿನದ್ದು ಎಷ್ಟು ಕಾಣ್ತದೆ ಅಂತ ನೋಡುವುದು) ಮಾಡಿಸಿ, ಸದ್ಯಕ್ಕೆ ಮದ್ದು ಬೇಡ, ಆರು ತಿಂಗಳು ಬಿಟ್ಟು ಇನ್ನೊಂದು ಓಸಿಟಿ ಅಂದ್ರು, ಅದೂ ಅದೇ ಮಿಷನ್‌ನಲ್ಲಿ. ಒಂದು ಕಂಪೆನಿಯ ಅಳತೆ ಇನ್ನೊಂದಕ್ಕೆ ಸರಿಯಾಗಿ ತಾಳೆ ಆಗೂದಿಲ್ಲ, ಮೊದಲಿನದ್ದಕ್ಕಿಂತ ತೆಳು ಆಯ್ತಾ ಅಂತ ನೋಡ್ಬೇಕಾದ್ರೆ ಹಳೇ ರಿಪೋರ್ಟು ಬೇಕೇಬೇಕು. ಚಿಕ್ಕಮ್ಮ ಅದನ್ನು ರೇಶನ್ ಕಾರ್ಡಿನ ಜೊತೆ ಕಪಾಟಿನಲ್ಲಿಟ್ಟಿದ್ದಾರೆ. ಗ್ರೂಪಿನಲ್ಲಿ ಮಾತ್ರ ಇನ್ನೂ ಕ್ಯಾರೆಟ್ ಜ್ಯೂಸಿನ ವಿಡಿಯೋ ಬರ್ತಾ ಉಂಟು.