ವೇಗ ನಿಜವಾಗಿಯೂ ಹೆಚ್ಚಿತೇ?

ಕಂಪ್ಯೂಟರಿನ ವೇಗ ಹೆಚ್ಚಿಸಲೆಂದು, ಎಸ್.ಪಿ. ರಸ್ತೆಯಿಂದ ತಂದ, ಪ್ರೊಸೆಸರನ್ನು ತಂಪಾಗಿಡುವ ಹೊಸ ಕೂಲರನ್ನು ಅಳವಡಿಸಿ, ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಪ್ರೊಸೆಸರಿನ ಮಲ್ಟಿಪ್ಲೈಯರನ್ನು (ಬೇಸ್ ಕ್ಲಾಕ್ ಎಂಬ ಮೂಲ ವೇಗವನ್ನು ಗುಣಿಸುವ ಸಂಖ್ಯೆಯನ್ನು) 47ಕ್ಕೆ ಏರಿಸಿದ್ದೆ; ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್ ಆದ್ದರಿಂದ ವೇಗ 4,700 ಕಾಣಬೇಕಿತ್ತು. ಆದರೆ ಪ್ರೊಸೆಸರಿನ ವೇಗ ತೋರಿಸುವ ಸಿಪಿಯು-ಝಡ್ ತಂತ್ರಾಂಶ ತೆರೆದಾಗ ಕಂಡದ್ದು ಬರೀ 800.

ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ ಎಂಬುದು ನೆನಪಾಗಿ, ಪ್ರೊಸೆಸರನ್ನು ಪರೀಕ್ಷಿಸುವ ಸಿನೆಬೆಂಚ್ ತಂತ್ರಾಂಶ ಓಡಿಸಿ ಎಲ್ಲ ಕೋರ್‌ಗಳಿಗೂ ಹೊರೆ ಕೊಟ್ಟು ಮತ್ತೆ ನೋಡಿದೆ: ಅಂಕಿ ತಕ್ಷಣ 4,700ಕ್ಕೆ ನೆಗೆಯಿತು, ಆದರೆ ಕೆಲವೇ ನಿಮಿಷಗಳಲ್ಲಿ ಉಷ್ಣತೆ 100 ಡಿಗ್ರಿ ಮುಟ್ಟಿದ್ದರಿಂದ ವೇಗ 4,200ಕ್ಕೆ ಕುಸಿಯಿತು. ನಾವು ಬರೆದಿಟ್ಟ ವೇಗಕ್ಕಿಂತ, ಹೊರೆ ಹೊತ್ತಾಗಲೂ ಉಳಿಯುವ ವೇಗವೇ ನಿಜವಾದದ್ದೆಂದು ಆಗ ಅನ್ನಿಸಿತು. ಕೂಲರನ್ನು ಬಿಚ್ಚಿದರೆ, ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಂದು ಮೂಲೆಗೆ ತಲುಪಿಯೇ ಇರಲಿಲ್ಲ. ಒರೆಸಿ ಹೊಸದಾಗಿ ಹಚ್ಚಿ, ವೋಲ್ಟೇಜನ್ನೂ ತುಸು ತಗ್ಗಿಸಿ, ರಾತ್ರಿ ಬೆಂಗಳೂರಿನ ಸೆಕೆ ಇಳಿದ ಮೇಲೆ ಅರ್ಧ ಗಂಟೆ ಓಡಿಸಿದೆ. 84 ಡಿಗ್ರಿಯಲ್ಲಿ 4,700 ಅಲುಗದೆ ನಿಂತಿತು.